ಪಡಸಾಲೆಯ ಕಾರ್ಪೆಟ್ ಕಿತ್ತ ದಿನ

ಬ್ಯಾಡಗಿಯಲ್ಲಿ ನಮ್ಮ ಸೋದರತ್ತೆಯ ಮನೆ. ಮಾವನದು ಮೆಣಸಿನಕಾಯಿ ದಲಾಲಿ ಅಂಗಡಿ. ಸೋಮವಾರ, ಗುರುವಾರ ಮಾರ್ಕೆಟ್ ಮುಗಿಯಿತೆಂದರೆ ರೈತರು, ಹಮಾಲರು, ಖರೀದಿದಾರರು ಎಲ್ಲರೂ ಅವರ ಪಡಸಾಲೆಗೇ ಬಂದು ಕೂಡುತ್ತಿದ್ದರು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತಲ್ಲ, ಆ ವರ್ಷದ ದೀಪಾವಳಿಗೆ ಮಾವ ಹುಬ್ಬಳ್ಳಿಯಿಂದ ಕಾರ್ಪೆಟ್ ತರಿಸಿ ಗೋಡೆಯಿಂದ ಗೋಡೆಗೆ ಹಾಸಿ, ಅಂಚಿಗೆಲ್ಲ ಮೊಳೆ ಹೊಡೆಸಿದರು. ಅದರಡಿ ಸ್ಪಂಜು. ಫರಸಿಯ ಥಂಡಿ ತಾಗಬಾರದೆಂದು ಸ್ಪಂಜಿನಡಿ ಗೋಣಿತಟ್ಟು.

2011ರಲ್ಲಿ, ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ ಸಿಕ್ಕ ವರ್ಷ, ಬಾಗಿಲ ಚೌಕಟ್ಟಿನ ಬುಡಕ್ಕೆ ಒರಲೆ ಹತ್ತಿದ್ದು ಕಂಡಿತು. ಅತ್ತೆಯ ಕೆಮ್ಮೂ ಬಿಟ್ಟಿರಲಿಲ್ಲ. ಧೂಳಿನಿಂದ ದೂರ ಇರಿ ಎಂದು ಹಾವೇರಿಯ ಡಾಕ್ಟರು ಹೇಳಿ ಕಳಿಸಿದ್ದರು. "ಧೂಳು ಕಾಲಬುಡಕನ ಐತಿ, ನಾ ಎಲ್ಲಿಗೆ ದೂರ ಹೋಗ್ಲಿ? ಮೊದಲ ಇದನ್ನ ಕಿತ್ತ ಹಾಕ್ರಿ" ಎಂದಳು ಅತ್ತೆ.

ನಾವು ಹುಡುಗರು ಮೂಲೆ ಹಿಡಿದು ಎಳೆಯುವಷ್ಟರಲ್ಲಿ, ಅಂಗಡಿಯಲ್ಲಿ ಮೆಣಸಿನಕಾಯಿಯ ತುಂಬು (ತೊಟ್ಟು) ಬಿಡಿಸುವ ಕೆಲಸಕ್ಕೆ ಬರುತ್ತಿದ್ದ ಅಜ್ಜಿ ಕೂಗಿದಳು: "ತಮ್ಮಾ, ನಿಲ್ರಿ! ಬಾಗಲಾ ಕಿಟಕಿ ತಗೀರಿ, ಮೂಗಿಗೆ ಬಟ್ಟಿ ಕಟ್ಗೋರಿ, ನೀರ ಚಿಮುಕಿಸಿ ಆಮ್ಯಾಲೆ ಎತ್ರಿ." ವರ್ಷಗಟ್ಟಲೆ ಮೆಣಸಿನ ಧೂಳಿನಲ್ಲಿ ಕೂತು ದುಡಿದವಳ ಮಾತು. ಹಾಗೆಯೇ ಮಾಡಿದೆವು. ಇಕ್ಕಳದಿಂದ ಮೊಳೆ ಕಿತ್ತು, ಕಾರ್ಪೆಟ್ಟನ್ನು ಮೊಳದಗಲದ ಪಟ್ಟಿಗಳಾಗಿ ಕೊಯ್ದು, ಮೇಲ್ಮೈ ಒಳಗಾಗುವಂತೆ ಸುತ್ತಿ ಹೊರಗೆ ಸಾಗಿಸಿದೆವು.

ಸ್ಪಂಜು ಮುಟ್ಟಿದರೆ ಹಳದಿ ಹುಡಿಯಾಗಿ ಉದುರುತ್ತಿತ್ತು. ಕೆಲವು ಕಡೆ ಫರಸಿಗೆ ಅಂಟಿಕೊಂಡಿದ್ದನ್ನು ಕರಣೆಯಿಂದ ಕೆರೆಯಬೇಕಾಯಿತು. ಗೋಣಿತಟ್ಟು ಎತ್ತಿದಾಗ ನಿಜ ಸಂಗತಿ ಬಯಲಾಯಿತು. ಫರಸಿಯ ಸಂದುಗಳ ತುಂಬ ಮೆಣಸಿನಕಾಯಿ ಬೀಜ, ಅವುಗಳ ಸುತ್ತ ಗಟ್ಟಿಯಾಗಿ ಕೂತ ಕೆಂಪು ಹುಡಿ. ಗೋಡೆಯಂಚಿಗೆ ಒರಲೆಯ ಮಣ್ಣಿನ ಸಾಲು, ನೇರ ಚೌಕಟ್ಟಿನ ತನಕ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ನೀರು ಹೊಡೆದ ಮೇಲೂ ಅದರ ಘಾಟಿಗೆ ಎಲ್ಲರೂ ಸೀನಿದೆವು. ಜನರ ಕಾಲಿಗೆ, ಬಟ್ಟೆಗೆ ಹತ್ತಿ ಬಂದದ್ದೆಲ್ಲ ಅಲ್ಲೇ ಇಳಿದು ಕೂತಿತ್ತು. ಮೇಲೆ ದಿನಾ ಕಸ ಹೊಡೆದರೂ ತಳಕ್ಕೆ ಪೊರಕೆ ಮುಟ್ಟಿರಲೇ ಇಲ್ಲ.

ಚೌಕಟ್ಟಿಗೆ ಒರಲೆ ಔಷಧಿ ಹೊಡೆಸಿ, ಸಂದುಗಳಿಗೆ ಸಿಮೆಂಟ್ ತುಂಬಿಸಿ, ಫರಸಿ ತಿಕ್ಕಿ ತೊಳೆದೆವು. ಕೂಡಲಿಕ್ಕೆ ಪೆಟ್ಟಿಗೆಯಲ್ಲಿದ್ದ ನವಲಗುಂದದ ಜಮಖಾನೆ ಹೊರಬಂತು. ಚಳಿಗೆಂದು ಮಾವ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಂಬಳಿ ತಂದರು. ಎರಡನ್ನೂ ಎತ್ತಿ ಝಾಡಿಸಬಹುದು, ಬಿಸಿಲಿಗೆ ಹರವಬಹುದು.

ನಿಮ್ಮ ಮನೆಯಲ್ಲೂ ಮೊಳೆ ಹೊಡೆದೋ ಅಂಟಿಸಿಯೋ ಹಾಸಿದ ಹಳೆಯ ಕಾರ್ಪೆಟ್ ಇದ್ದರೆ, ಈ ಹಬ್ಬಕ್ಕೆ ಒಂದು ಮೂಲೆಯನ್ನಾದರೂ ಎತ್ತಿ ನೋಡಿ. ನಮ್ಮ ಧೂಳಿನ ಸೀಮೆಗೆ, ಎತ್ತಿ ಝಾಡಿಸಲು ಬರುವ ಹಾಸೇ ಸರಿ.