ದಬ್ಬೇಘಟ್ಟದಿಂದ ಶ್ರೀರಂಗಪಟ್ಟಣಕ್ಕೆ

ಪರದೇಶಗಳಿಗೆ ಹೋಗಿಬಂದವರು ಫ್ರಾನ್ಸ್ ದೇಶದ ನದೀತೀರದ ನಗರಗಳನ್ನು ಬಹಳವಾಗಿ ಕೊಂಡಾಡುವುದುಂಟು. ರೋನ್ ಮತ್ತು ಸೋನ್ ಎಂಬ ಎರಡು ನದಿಗಳು ಕೂಡುವೆಡೆಯಲ್ಲಿ ಲಿಯೋನ್ ನಗರವು ಬೆಳೆದಿರುವುದು. ಪ್ಯಾರಿಸ್ ಮಹಾನಗರದ ಹಳೆಯ ನೆಲೆಯೋ ಸೇನ್ ನದಿಯ ನಡುವಣ ಒಂದು ಸಣ್ಣ ದ್ವೀಪ. ಅಂತಹ ನಗರಗಳನ್ನು ಕಣ್ಣಾರೆ ಕಾಣುವ ಭಾಗ್ಯವು ನಮಗೆ ಒದಗಿಲ್ಲ. ಆದರೆ ನದಿಯ ನಡುವೆ ಕೋಟೆ ಕೊತ್ತಲ ಅರಮನೆಗಳಿಂದ ಮೆರೆದ ದ್ವೀಪರಾಜಧಾನಿಯೊಂದು ನಮ್ಮ ದಬ್ಬೇಘಟ್ಟದಿಂದ ಒಂದು ಬೆಳಗಿನ ಪ್ರಯಾಣದಷ್ಟು ದೂರದಲ್ಲಿಯೇ ಇದೆ. ಅಲ್ಲಿಯೂ ಫ್ರೆಂಚರು ಬಾಳಿದರು, ಕಾದಿದರು, ಸತ್ತರು. ಆ ಗುರುತುಗಳನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವೆವು.

ನಾವು ಹೊರಟುದು ಊರು ನೋಡುವ ಉದ್ದೇಶದಿಂದಲ್ಲ. ತೊಂಬತ್ತು ವರ್ಷಗಳನ್ನು ದಾಟಿದ್ದ ನಮ್ಮ ದೊಡ್ಡಮ್ಮನವರು ಬೇಸಗೆಯ ರಜೆಯಲ್ಲಿ ತೀರಿಕೊಂಡರು. ತಮ್ಮ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿಯೇ ಬಿಡಬೇಕೆಂಬುದು ಅವರ ಬಹುಕಾಲದ ಅಪೇಕ್ಷೆ. ಬಾಡಿಗೆಯ ಮೋಟಾರಿನಲ್ಲಿ ಕೋಳಿ ಕೂಗುವ ಹೊತ್ತಿಗೆ ಹೊರಟೆವು. ತುರುವೇಕೆರೆಗೆ ಬಂದು ಹೆದ್ದಾರಿಯನ್ನು ಹಿಡಿದರೆ ಮಾಯಸಂದ್ರ, ನಾಗಮಂಗಲ, ಪಾಂಡವಪುರಗಳ ಮೇಲೆ ದಾರಿಯು ನೇರವಾಗಿ ಶ್ರೀರಂಗಪಟ್ಟಣಕ್ಕೆ ಇಳಿಯುವುದು. ದಾರಿಯುದ್ದಕ್ಕೂ ನಮ್ಮವರ ಕಣ್ಣು ತೋಟಗಳ ಮೇಲೆಯೇ. ತೆಂಗಿನ ಸೀಮೆಯವರ ಸ್ವಭಾವವೇ ಹಾಗೆ. ನಮ್ಮಲ್ಲಿ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿಸಿ ಉಂಡೆಕೊಬ್ಬರಿ ಮಾಡಿ ತಿಪಟೂರಿಗೆ ಒಯ್ಯುವರು. ಮಂಡ್ಯದ ಕಡೆಯವರಿಗೆ ಅಷ್ಟು ತಾಳ್ಮೆಯಿಲ್ಲ, ಎಳನೀರಿನಲ್ಲಿಯೇ ಇಳಿಸಿ ಮಾರುವರು. ನೀರಾವರಿಯ ಕಬ್ಬು ಬತ್ತಗಳ ನಡುವೆ ಇರುವವರಿಗೆ ಅದೇ ಲಾಭವಿರಬಹುದು.

ಪಾಂಡವಪುರದ ಬಳಿ ಕುಂತಿಬೆಟ್ಟದ ಬಂಡೆಗಳು ಕಾಣಿಸಿದುವು. ಪಾಂಡವರು ಇಲ್ಲಿ ತಂಗಿದ್ದರೆಂಬುದು ಜನರ ನಂಬಿಕೆ. ಊರಿನ ಹಳೆಯ ಹೆಸರು ಹಿರೋಡೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಪಡೆಯು ಇಲ್ಲಿ ಬಿಡಾರ ಹೂಡಿದ್ದುದರಿಂದ ಆಂಗ್ಲರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಬಹುಕಾಲ ಆ ಹೆಸರೇ ಬಳಕೆಯಲ್ಲಿದ್ದಿತು. ಒಂದೇ ಊರಿಗೆ ಸೋಮನಹಳ್ಳಿಯಂತಹ ಹಳ್ಳಿಯ ಹೆಸರಿನಷ್ಟು ಸರಳವಾದ ಹಿರೋಡೆ, ಪರದೇಶದ ಸಿಪಾಯಿಗಳ ಹೆಸರು, ಮಹಾಭಾರತದ ಹೆಸರು, ಮೂರೂ ಸಂದುದು ವಿಚಿತ್ರವೇ ಸರಿ.

ಪಶ್ಚಿಮವಾಹಿನಿಯಲ್ಲಿ ಕಾವೇರಿಯು ಪಡುವಣ ದಿಕ್ಕಿಗೆ ತಿರುಗಿ ಹರಿಯುವಳು. ಅದೇ ಕಾರಣದಿಂದ ಆ ಸ್ಥಳಕ್ಕೆ ಹೆಚ್ಚಿನ ಪಾವಿತ್ರ್ಯ. 1948ರಲ್ಲಿ ಮಹಾತ್ಮಾ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನೂ ಇಲ್ಲಿಯೇ ವಿಸರ್ಜಿಸಿದರು. ನೀರು ಮೊಳಕಾಲುದ್ದವೂ ಇರಲಿಲ್ಲ. ಕರ್ಮವು ಬೇಗನೆ ಮುಗಿಯಿತು. ಕುಡಿಕೆಯಲ್ಲಿದ್ದುದು ನೀರಿನಲ್ಲಿ ಕರಗಿಹೋದ ಮೇಲೆ ಯಾರಿಗೂ ಮಾತು ಹೊರಡಲಿಲ್ಲ.

ಸೂತಕದವರಾದ ಕಾರಣ ಶ್ರೀರಂಗನಾಥನ ದೇವಾಲಯದೊಳಕ್ಕೆ ಹೋಗುವಂತಿರಲಿಲ್ಲ. ನೇರವಾಗಿ ಮನೆಗೆ ಹಿಂದಿರುಗತಕ್ಕದ್ದೆಂದು ನಮ್ಮ ಚಿಕ್ಕಪ್ಪನವರ ಅಭಿಪ್ರಾಯ. ಅದಕ್ಕೆ ಭಾವನವರು, “ಮಾವಾ, ಗುಡಿಗೆ ಹೋಗೋದು ಬೇಡ, ಸರಿ. ಕೋಟೆಗೆ ಏನು ಮಡಿ, ಏನು ಮೈಲಿಗೆ? ಮಕ್ಕಳು ನೋಡ್ಲಿ ಬಿಡಿ. ದೊಡ್ಡಮ್ಮ ಇದ್ದಿದ್ರೆ ತಾವೇ ಮುಂದೆ ನಡೀತಿದ್ರು” ಎಂದರು. ಚಿಕ್ಕಪ್ಪನವರು ಮೌನವಾಗಿ ಮೋಟಾರು ಹತ್ತಿದರು. ಗೋಪುರಕ್ಕೆ ದೂರದಿಂದಲೇ ಕೈಮುಗಿದೆವು.

ಈ ದ್ವೀಪವು ಸುಮಾರು ಐದು ಕಿಲೋಮೀಟರು ಉದ್ದವಿರುವುದು. ನಾಗಮಂಗಲದ ತಿಮ್ಮಣ್ಣ ದಂಡನಾಯಕನು 1454ರಲ್ಲಿ ಕೋಟೆಯನ್ನು ಕಟ್ಟಿಸಿದನೆಂದು ಹೇಳುವರು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಇದನ್ನು ಪಡೆದು ರಾಜಧಾನಿಯನ್ನಾಗಿ ಮಾಡಿಕೊಂಡರು. ಮೈಸೂರಿನ ದಸರಾ ಉತ್ಸವವು ಆರಂಭವಾದುದು ಆ ವರ್ಷ ಇಲ್ಲಿಯೇ. ಕೋಟೆಯ ವಾಯವ್ಯದ ಮೂಲೆಯಲ್ಲಿ ಗೋಡೆಯೊಡೆದ ಸ್ಥಳವನ್ನು ತೋರಿಸುವರು. ಸಮೀಪದಲ್ಲಿ 1907ರಲ್ಲಿ ನಿಲ್ಲಿಸಿದ ಎತ್ತರವಾದ ಸ್ಮಾರಕಸ್ತಂಭವಿದೆ. ನಾವು ಅಲ್ಲಿ ಬಹಳ ಹೊತ್ತು ನಿಂತೆವು. ಏಕೆಂದರೆ ನದಿಯೇ ಈ ಊರಿನ ನಿಜವಾದ ಕೋಟೆ ಎಂಬುದು ಅಲ್ಲಿ ಮನಸ್ಸಿಗೆ ಹೊಳೆಯುವುದು. ಮುಂಗಾರು ಹಿಡಿದು ಕಾವೇರಿಯು ತುಂಬಿದರೆ ಯಾವ ಸೈನ್ಯವೂ ದಾಟಲಾರದು. ಇದನ್ನು ಬಲ್ಲ ಟಿಪ್ಪುವು ಮಳೆಗಾಲದ ವರೆಗೆ ತಡೆದು ನಿಂತರೆ ಸಾಕೆಂದು ಎಣಿಸಿದ್ದನು. ಇದನ್ನು ಬಲ್ಲ ಆಂಗ್ಲ ಸೇನಾಪತಿ ಹ್ಯಾರಿಸನು ಮಳೆಗೆ ಮುಂಚೆಯೇ ಮುಗಿಸಬೇಕೆಂದು ಆತುರಪಡುತ್ತಿದ್ದನು. 1799ನೆಯ ಮೇ 4ರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಪಡೆಯು ಬಂಡೆಗಳ ನಡುವಣ ತೆಳುನೀರನ್ನು ದಾಟಿ, ಆರೇಳು ನಿಮಿಷಗಳಲ್ಲಿ ಒಡೆದ ಗೋಡೆಯ ಮೇಲೆ ಬಾವುಟವನ್ನು ನೆಟ್ಟಿತು. ಸಂಜೆಯ ಹೊತ್ತಿಗೆ ಸುಲ್ತಾನನ ಶವವು ಉತ್ತರದ ಬಾಗಿಲೊಂದರ ಬಳಿ ಹೆಣಗಳ ರಾಶಿಯಲ್ಲಿ ಸಿಕ್ಕಿತು. ಆ ದಿನವೂ ನೀರು ನಾವು ಆ ಬೆಳಿಗ್ಗೆ ನೋಡಿದಷ್ಟೇ ಇದ್ದಿರಬೇಕು. ಈಗ ಮೇಲ್ಗಡೆ ಕೃಷ್ಣರಾಜಸಾಗರದ ಕಟ್ಟೆಯಿರುವುದರಿಂದ ಹೊಳೆಯ ಏರಿಳಿತವು ಮಳೆಯೊಂದನ್ನೇ ಅವಲಂಬಿಸಿಲ್ಲ.

ಫ್ರೆಂಚರ ಕಥೆಯು ಈ ಸೋಲಿನೊಡನೆ ಹೆಣೆದುಕೊಂಡಿದೆ. ಟಿಪ್ಪುವು ಕಳುಹಿದ ರಾಯಭಾರಿಗಳನ್ನು ಹದಿನಾರನೆಯ ಲೂಯಿ ದೊರೆಯು 1788ನೆಯ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ವೈಭವದಿಂದ ಬರಮಾಡಿಕೊಂಡನು. ಮರ್ಯಾದೆಯೇನೋ ಯಥೇಷ್ಟವಾಗಿ ದೊರೆಯಿತು, ಸೈನ್ಯವು ದೊರೆಯಲಿಲ್ಲ. ನಾಲ್ಕೂವರೆ ವರ್ಷಗಳಲ್ಲಿ ಆ ದೊರೆಯ ತಲೆಯೇ ಉರುಳಿತು. 1792ರ ಸೋಲಿನಲ್ಲಿ ಟಿಪ್ಪುವು ಅರ್ಧರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳ ದಂಡವನ್ನೂ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಡಬೇಕಾಯಿತು. ಆಗಲೂ ಫ್ರೆಂಚರು ಬರಲಿಲ್ಲ. 1797ರಲ್ಲಿ ರಿಪೋ ಎಂಬ ಹಡಗಿನ ಸಾಹಸಿಗನು ಬಂದು, ಇಲ್ಲಿನ ಫ್ರೆಂಚರನ್ನು ಕೂಡಿಸಿ ಕ್ರಾಂತಿಕಾರರ ಸಂಘವನ್ನು ಸ್ಥಾಪಿಸಿ, ‘ಸ್ವಾತಂತ್ರ್ಯ ವೃಕ್ಷ’ವನ್ನು ನೆಟ್ಟು, ಸುಲ್ತಾನನನ್ನೂ ‘ಪ್ರಜೆ ಟಿಪ್ಪು’ ಎಂದು ಕರೆದನಂತೆ. ದೊರೆಗಳೆಲ್ಲ ನಾಶವಾಗಲೆಂದು ಪ್ರತಿಜ್ಞೆಮಾಡಿ, ಈ ಒಬ್ಬ ದೊರೆಯನ್ನು ಮಾತ್ರ ಬಿಟ್ಟರೆಂಬುದು ನಗೆಗೆ ಕಾರಣವಾದೀತು. ಆ ಸಂಘದ ಕಾಗದಪತ್ರಗಳನ್ನು ಪ್ರಕಟಿಸಿದವರು ಆಂಗ್ಲರೇ ಆದುದರಿಂದ ಚರಿತ್ರಕಾರರಲ್ಲಿ ಕೆಲವರು ಅವನ್ನು ಪೂರ್ತಿಯಾಗಿ ನಂಬರು. ಮುಂದಿನ ವರ್ಷ ಮಾರಿಷಸ್ ದ್ವೀಪದಿಂದ ಬಂದ ನೆರವಾದರೋ ನೂರು ಮಂದಿಯೂ ಇರಲಿಲ್ಲ. ಅಷ್ಟನ್ನೇ ನೆವಮಾಡಿಕೊಂಡು ಗವರ್ನರ್ ಜನರಲ್ ವೆಲ್ಲೆಸ್ಲಿಯು ಯುದ್ಧವನ್ನು ಹೂಡಿದನು. ನೆರವಿಗೆ ಸಾಲದ ನೂರು ಮಂದಿ ನೆವಕ್ಕೆ ಸಾಲುವಷ್ಟಾದರು.

ದರಿಯಾ ದೌಲತ್ ತೋಟದ ಮಹಲನ್ನು ತಪ್ಪದೆ ನೋಡಬೇಕು. 1784ರಲ್ಲಿ ತೇಗದ ಮರದಿಂದ ಕಟ್ಟಿದುದು. ಪಡುವಣ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗವನ್ನು ಬಿಡಿಸಿದೆ. ಗಾಯಗೊಂಡ ಕರ್ನಲ್ ಬೈಲಿಯು ಪಲ್ಲಕ್ಕಿಯಲ್ಲಿ ಕುಳಿತು ಬೆರಳನ್ನು ಕಚ್ಚಿಕೊಂಡಿರುವನು. ಮತ್ತೊಂದೆಡೆಯಲ್ಲಿ ಫ್ರೆಂಚ್ ಸರದಾರ ಲಾಲಿಯು ದುರ್ಬೀನಿನಿಂದ ಎಲ್ಲವನ್ನೂ ನೋಡುತ್ತಿರುವನು. “ಇವನು ಬರೀ ನೋಡ್ತಾ ಇದಾನಲ್ಲ, ಅಜ್ಜಾ!” ಎಂದು ಮಗುವೊಂದು ಕೂಗಿತು. ಚಿಕ್ಕಪ್ಪನವರು ಆ ದಿನದಲ್ಲಿ ಮೊದಲ ಸಲ ನಕ್ಕರು. ಬೈಲಿಯು ಸೆರೆಯಲ್ಲಿಯೇ 1782ರಲ್ಲಿ ಸತ್ತನು. ಗುಂಬಜಿನಲ್ಲಿ ಹೈದರ್, ಅವನ ಪತ್ನಿ, ಟಿಪ್ಪು ಮೂವರೂ ಒತ್ತಿಗೊತ್ತಿ ಮಲಗಿರುವರು.

ದ್ವೀಪದ ಮೂಡಣ ಭಾಗವು ಗಂಜಾಂ. ಆ ಪೇಟೆಯನ್ನು ತುಂಬಿಸುವುದಕ್ಕಾಗಿ ಟಿಪ್ಪುವು ಶಿರಾ ಪಟ್ಟಣದಿಂದ 12,000 ಸಂಸಾರಗಳನ್ನು ಬಲಾತ್ಕಾರದಿಂದ ಕರೆತರಿಸಿದನೆಂದು ಗೆಜೆಟಿಯರಿನಲ್ಲಿ ಹೇಳಿದೆ. ಶಿರಾ ನಮ್ಮ ತುಮಕೂರು ಜಿಲ್ಲೆಯದೇ. ನಾವು ಬಂದ ದಿಕ್ಕಿನಿಂದಲೇ, ಮಕ್ಕಳು ಮರಿಗಳೊಡನೆ, ಬಯಸದೆ ಬಂದವರು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು. 1800ರಲ್ಲಿ ಬಂದ ಬುಕಾನನ್ ಎಂಬ ವೈದ್ಯನ ಲೆಕ್ಕದಲ್ಲಿ ಸುಮಾರು 32,000 ಮಾತ್ರ. ರಾಜಧಾನಿಯು ಮೈಸೂರಿಗೆ ಹೋಯಿತು. ಚಳಿಜ್ವರಕ್ಕೆ ಅಂಜಿ ಆಂಗ್ಲರ ದಂಡು ಬೆಂಗಳೂರಿಗೆ ಹೋಯಿತು.

ಇದೇ ಗಂಜಾಮಿನಲ್ಲಿ ಮತ್ತೊಬ್ಬ ಫ್ರೆಂಚನ ಗುರುತಾಗಿ ಒಂದು ಸಣ್ಣ ಇಗರ್ಜಿಯಿದೆ. ಅಬ್ಬೆ ದ್ಯುಬುವಾ ಎಂಬ ಪಾದ್ರಿಯು 1799ರ ಯುದ್ಧಾನಂತರ ಈ ಸೀಮೆಗೆ ಬಂದು, ನಮ್ಮವರಂತೆ ಉಡುಗೆಯುಟ್ಟು, ಮಾಂಸಾಹಾರವನ್ನು ಬಿಟ್ಟು ಬಾಳಿದನು. ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತು ಅವನು ಬರೆದ ಗ್ರಂಥವು ಪ್ರಸಿದ್ಧವಾದುದೇ. ಅದರಲ್ಲಿ ನಮಗೆ ಒಪ್ಪಿಗೆಯಾಗದ ಕಟುಮಾತುಗಳೂ ಸಾಕಷ್ಟಿವೆ. ಆದರೆ ಅವನು ಮಾಡಿದ ಬೇರೊಂದು ಕೆಲಸವನ್ನು ನಾವು ಹೆಚ್ಚೆಂದು ಭಾವಿಸುವೆವು. ಸಿಡುಬನ್ನು ತಡೆಯುವ ದಾಕು ಹಾಕುವ ಪದ್ಧತಿಯು ಆಗ ತೀರ ಹೊಸದು. 1803-04ರಲ್ಲಿ ಅವನ ಪ್ರಯತ್ನದಿಂದ ಈ ಸೀಮೆಯಲ್ಲಿ 25,432 ಮಂದಿಗೆ ದಾಕು ಹಾಕಲಾಯಿತು. ಅವನು 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು.

ನಮ್ಮ ದೊಡ್ಡಮ್ಮನವರ ಮುಖದ ತುಂಬ ಅಮ್ಮನ ಕಲೆಗಳಿದ್ದುವು. ಎಂಟು ವರ್ಷದ ಪ್ರಾಯದಲ್ಲಿ ಅವರಿಗೂ ಅವರ ತಂಗಿಗೂ ಒಂದೇ ವಾರದಲ್ಲಿ ಬಂದಿತ್ತಂತೆ, ತಂಗಿ ಉಳಿಯಲಿಲ್ಲ. ದಾಕು ಹಾಕುವವರು ಊರಿಗೆ ಬಂದಾಗ ಹೆದರಿದ ಹಿರಿಯರು ಮಕ್ಕಳನ್ನು ಅಟ್ಟದ ಮೇಲೆ, ಕಾಯಿರಾಶಿಯ ಹಿಂದೆ ಬಚ್ಚಿಟ್ಟಿದ್ದರೆಂದು ದೊಡ್ಡಮ್ಮನವರು ಅನೇಕ ಸಲ ಹೇಳಿದ್ದುಂಟು. ತಮ್ಮ ಮಕ್ಕಳಿಗೂ ಮೊಮ್ಮಕ್ಕಳಿಗೂ ಅವರು ಮುಂದೆ ನಿಂತು ಸೂಜಿ ಹಾಕಿಸುತ್ತಿದ್ದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು ಕಂಡುದು 1975ರಲ್ಲಿ. ಈ ಮಾತನ್ನು ಇಗರ್ಜಿಯ ಅಂಗಳದಲ್ಲಿ ಮಕ್ಕಳಿಗೆ ತಿಳಿಸಿದೆವು. ಅಲ್ಲಿ ನಮ್ಮನ್ನು ಬಿಟ್ಟರೆ ನೋಡಲು ಬಂದವರು ಯಾರೂ ಇರಲಿಲ್ಲ. ಚಿಕ್ಕಪ್ಪನವರು ಬಾಗಿಲಿನ ಮುಂದೆ ಸ್ವಲ್ಪ ಹೊತ್ತು ನಿಂತು, “ನೂರಮೂವತ್ತು ವರ್ಷ ಮುಂಚೆ ಬಂದಿದ್ದ. ನಮ್ಮೂರಿನ ಅಟ್ಟ ಹತ್ತೋಕೆ ಆಗ್ಲಿಲ್ಲ ನೋಡು” ಎಂದರು.

ಸಂಗಮಕ್ಕೆ ಹೋಗಿ, ಎರಡು ಕವಲಾದ ಕಾವೇರಿಯು ಮತ್ತೆ ಒಂದಾಗುವುದನ್ನು ನೋಡಿ, ಕೈಕಾಲು ತೊಳೆದುಕೊಂಡು ಹೊರಟೆವು. ನಾಗಮಂಗಲವನ್ನು ದಾಟುವ ಹೊತ್ತಿಗೆ ಮೊದಲ ಮಳೆಹನಿಗಳು ಬಿದ್ದುವು.