ಮಾವ ಮಲಗಿದ ಮೇಲೆ ನನ್ನ ಗಿಟಾರ್

ಎಲೆಕ್ಟ್ರಿಕ್ ಗಿಟಾರ್ ಇರೋ ಮನೆಗಳಲ್ಲಿ ಒಂದು ಜಗಳ ಇದ್ದೇ ಇರುತ್ತೆ. ಅದು ಆಂಪ್‌ನ ಜಗಳ. ಈ ಗಿಟಾರನ್ನ ಹಾಗೇ ಮೀಟಿದರೆ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಷ್ಟು ಸದ್ದು ಬರುತ್ತೆ, ಅಷ್ಟೆ. ಅದಕ್ಕೆ ದನಿ ಬರೋದು ಆಂಪ್ಲಿಫೈಯರ್‌ಗೆ ಸಿಕ್ಕಿಸಿದ ಮೇಲೆ. ಆಂಪ್‌ನ ಸ್ವಭಾವ ಹೇಗೆ ಅಂದ್ರೆ, ವಾಲ್ಯೂಮ್ ಏರಿದಷ್ಟೂ ಅದರ ದನಿ ಚೆಂದವಾಗುತ್ತೆ, ಮನೆಯವರ ಮುಖ ಕೆಡುತ್ತೆ.

ಆ ಜಗಳ ನಮ್ಮನೆಯಲ್ಲಿ ಹೇಗೆ ಮುಗೀತು ಅಂತ ಹೇಳ್ತೀನಿ. ಕೆಲಸ, ಟ್ರಾಫಿಕ್, ಮಕ್ಕಳ ನಡುವೆ ಗಿಟಾರನ್ನ ಬೀರುವಿನ ಮೇಲೆ ಹತ್ತಿಸಿ ಇಟ್ಟವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅದನ್ನ ಇಳಿಸೋಕೆ ಇದರಿಂದ ಸಹಾಯ ಆಗಬಹುದು.

ನಮ್ಮ ಮನೆ ಶೆಟ್ಟಿಹಳ್ಳಿಯಲ್ಲಿ, ಮೊದಲ ಮಹಡಿ. ಎರಡು ಕೋಣೆ, ಒಂದು ಹಾಲ್. ನಾನು, ನನ್ನ ಗಂಡ, ನಾಲ್ಕು ವರ್ಷದ ಮಗಳು, ಅತ್ತೆ, ಮಾವ. ಗೋಡೆಗೆ ಗೋಡೆ ಅಂಟಿಕೊಂಡ ಬೀದಿ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ನಾವೇ ಲೆಕ್ಕ ಇಡಬಹುದು. ನನ್ನ ಆಫೀಸ್ ಮಾನ್ಯತಾ ಟೆಕ್ ಪಾರ್ಕಿನಲ್ಲಿ. ಜಾಲಹಳ್ಳಿ, ಬಿಇಎಲ್ ಸರ್ಕಲ್, ಹೆಬ್ಬಾಳ ದಾಟಿ ಹೋಗಿ ಬರೋದರಲ್ಲೇ ದಿನಕ್ಕೆ ಎರಡೂವರೆ ಗಂಟೆ ಕರಗುತ್ತೆ. ಮಗಳನ್ನ ಮಲಗಿಸಿ, ಅಡುಗೆಮನೆ ಒರೆಸಿಟ್ಟ ಮೇಲೆ ನನ್ನದು ಅಂತ ಸಿಗೋದು ರಾತ್ರಿ ಒಂಬತ್ತೂವರೆಯಿಂದ ಹತ್ತೂವರೆ. ಆ ಒಂದು ಗಂಟೆ ಗಿಟಾರ್‌ದು. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಆ ಜನಜಂಗುಳಿಯಲ್ಲಿ ನಿಂತಿದ್ದ ಕಾಲೇಜು ಹುಡುಗಿ ನಾನು. ಟ್ಯೂಷನ್ ಹೇಳಿ ಉಳಿಸಿದ ದುಡ್ಡಲ್ಲಿ ಗಿಟಾರ್ ತಗೊಂಡಿದ್ದು ಅದಾದ ಮೇಲೆ.

ಹೋದ ವರ್ಷ ಮಾವನಿಗೆ ಬೈಪಾಸ್ ಆಯ್ತು. ಡಾಕ್ಟರು ಒತ್ತಿ ಹೇಳಿದ್ದು ಮೂರೇ: ಮಾತ್ರೆ, ವಾಕಿಂಗ್, ನಿದ್ದೆ. ಮೊದಲ ಎರಡು ಸರಿಯಾಗಿ ನಡೀತಿತ್ತು. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಒಂಬತ್ತಕ್ಕೆ ಮಲಗಿದರೆ ಸಣ್ಣ ಸದ್ದಿಗೂ ಎಚ್ಚರ. ಎಚ್ಚರ ಆದರೆ ಎದೆ ಮೇಲೆ ಕೈ ಇಟ್ಟುಕೊಂಡು ಕತ್ತಲಲ್ಲಿ ಕೂತುಬಿಡೋರು. ಅತ್ತೆ ಸೀಲಿಂಗ್ ಫ್ಯಾನಿನ ಕಿರ್ರ್ ಸದ್ದನ್ನೂ ರಿಪೇರಿ ಮಾಡಿಸಿದರು. ಇನ್ನು ಆಂಪ್‌ನ ಮಾತೆಲ್ಲಿ? ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ವಸತಿ ಪ್ರದೇಶದಲ್ಲಿ ಸದ್ದು 45 ಡೆಸಿಬಲ್ ಮೀರಬಾರದು ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತೆ. ಕಾನೂನು ಬಿಡಿ, ಎದೆಯ ಹೊಲಿಗೆ ಇನ್ನೂ ಪೂರ್ತಿ ಒಣಗದ ಮನುಷ್ಯ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ.

ಮೂರು ತಿಂಗಳು ಆಂಪ್ ಮೇಲೆ ಇಸ್ತ್ರಿ ಬಟ್ಟೆ, ಮಗಳ ಬಣ್ಣದ ಪೆನ್ಸಿಲ್ ಡಬ್ಬ. "ಅದನ್ನ ಮಾರಿಬಿಡು, ಜಾಗನಾದ್ರೂ ಆಗುತ್ತೆ" ಅಂದ್ರು ನನ್ನ ಗಂಡ. ಯಾರೂ ಬೈಯಲಿಲ್ಲ, ಯಾರೂ ನುಡಿಸಬೇಡ ಅನ್ನಲಿಲ್ಲ. ಅದೇ ಕಷ್ಟ ಆಗಿದ್ದು. ಬೇಡ ಅಂದಿದ್ದರೆ ಜಗಳ ಆಡಿಯಾದರೂ ಹಗುರ ಆಗಬಹುದಿತ್ತು. ಹೀಗೆ ಸದ್ದಿಲ್ಲದೆ ಬಿಟ್ಟುಹೋಗೋ ಹವ್ಯಾಸಗಳು ವಾಪಸ್ ಬರೋದು ಕಡಿಮೆ ಅಂತ ನನ್ನ ಸ್ನೇಹಿತೆಯರನ್ನ ನೋಡಿ ಗೊತ್ತಿತ್ತು. ಒಬ್ಬಳ ವೀಣೆ ಅಟ್ಟದಲ್ಲಿದೆ, ಇನ್ನೊಬ್ಬಳ ಗೆಜ್ಜೆ ಎಲ್ಲಿದೆಯೋ ಅವಳಿಗೇ ಗೊತ್ತಿಲ್ಲ.

ಆಂಪ್ ಮಾರಿದೆ. ಗಿಟಾರ್ ಇಟ್ಟುಕೊಂಡೆ.

ಡಬ್ಬದ ಕೆಲಸ ಲ್ಯಾಪ್‌ಟಾಪ್‌ಗೆ

ಆಂಪ್ ಗಿಟಾರಿನ ಸಿಗ್ನಲ್‌ಗೆ ಏನು ಮಾಡುತ್ತೋ ಅದನ್ನ ಲೆಕ್ಕ ಹಾಕಿ ಕಂಪ್ಯೂಟರಿನಲ್ಲೇ ಮಾಡೋದಕ್ಕೆ ಆಂಪ್ ಮಾಡೆಲಿಂಗ್ ಅಂತಾರೆ. ಇದೇನೂ ನಿನ್ನೆ ಮೊನ್ನೆಯದಲ್ಲ. ಲೈನ್ 6 ಕಂಪನಿಯ ಪಾಡ್ ಅನ್ನೋ ಹುರುಳಿಕಾಯಿ ಬೀಜದ ಆಕಾರದ ಕೆಂಪು ಡಬ್ಬ ಬಂದಿದ್ದು 1998ರಲ್ಲಿ. ಕಂಪ್ಯೂಟರಿಗೆ ಆಂಪ್ಲಿಟ್ಯೂಬ್ 2002ರಲ್ಲಿ, ಗಿಟಾರ್ ರಿಗ್ 2004ರಲ್ಲಿ ಬಂದವು. ಈಗ ಸಾಧಾರಣ ಲ್ಯಾಪ್‌ಟಾಪೇ ಸಾಕು. ನನ್ನದು ಎಂಟು ಜಿಬಿ ರಾಮ್‌ನ ಹಳೇ ಮಷೀನ್.

ಕೊಳ್ಳಲೇಬೇಕಾದ ವಸ್ತು ಒಂದೇ, ಆಡಿಯೋ ಇಂಟರ್‌ಫೇಸ್. ಅಂಗೈಗಿಂತ ಸ್ವಲ್ಪ ದೊಡ್ಡ ಡಬ್ಬ, ಯುಎಸ್‌ಬಿಯಲ್ಲಿ ಸಿಕ್ಕಿಸೋದು. ಲ್ಯಾಪ್‌ಟಾಪಿನ ಮೈಕ್ ತೂತಿಗೇ ಗಿಟಾರ್ ಚುಚ್ಚಿದರೆ ಆಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಸದ್ದೇನೋ ಬರುತ್ತೆ, ಆದರೆ ಮಂಕಾಗಿ, ಗೊರಗೊರ ಅಂತ. ಗಿಟಾರಿನ ಪಿಕಪ್ ಹೊರಡಿಸೋ ಸಿಗ್ನಲ್ ಬಲು ನಾಜೂಕು. ಅದನ್ನ ಕುಗ್ಗಿಸದೆ ಒಳಗೆ ತಗೊಳ್ಳೋ ಬಾಗಿಲು ಬೇಕು. ಇಂಟರ್‌ಫೇಸಿನಲ್ಲಿ 'ಇನ್‌ಸ್ಟ್ರುಮೆಂಟ್' ಅಥವಾ 'ಹೈ ಝಡ್' ಅಂತ ಬರೆದಿರೋ ಬಾಗಿಲೇ ಅದು. ಕೊಳ್ಳುವಾಗ ಆ ಹೆಸರು ಇದೆಯಾ ನೋಡಿಕೊಳ್ಳಿ. ಮಾರಿದ ಆಂಪ್‌ನ ದುಡ್ಡಲ್ಲಿ ನನ್ನ ಇಂಟರ್‌ಫೇಸ್ ಬಂತು, ಜೊತೆಗೆ ವೈರ್ ಇರೋ ಒಂದು ಹೆಡ್‌ಫೋನ್. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಬೇಡ. ಬೆರಳು ಈಗ ಮೀಟಿದ್ದು ಕಿವಿಗೆ ಆಮೇಲೆ ಬರುತ್ತೆ.

ಸಾಫ್ಟ್‌ವೇರಿಗೆ ಶುರುವಿನಲ್ಲೇ ದುಡ್ಡು ಹಾಕಬೇಕಿಲ್ಲ. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡಿನಲ್ಲೇ ಆಂಪ್‌ಗಳಿವೆ. ವಿಂಡೋಸ್‌ನವರಿಗೆ ಆಂಪ್ಲಿಟ್ಯೂಬಿನ ಉಚಿತ ಆವೃತ್ತಿ ಇದೆ, ಲಿನಕ್ಸ್‌ನವರಿಗೆ ಗಿಟಾರಿಕ್ಸ್ ಇದೆ. ರೆಕಾರ್ಡ್ ಮಾಡಬೇಕು ಅನ್ನಿಸಿದರೆ ರೀಪರ್ ಅನ್ನೋ ಸಾಫ್ಟ್‌ವೇರನ್ನ 60 ದಿನ ದುಡ್ಡು ಕೊಡದೆ ಪರೀಕ್ಷೆ ಮಾಡಿ ನೋಡಬಹುದು.

ಮೂರು ಕಡೆ ಗಮನ ಇರಲಿ

ಮೊದಲನೆಯದು ಲೇಟೆನ್ಸಿ, ಅಂದ್ರೆ ತಡ. ಕಂಪ್ಯೂಟರ್ ಸದ್ದನ್ನ ತುಣುಕು ತುಣುಕಾಗಿ ತಗೊಂಡು ಲೆಕ್ಕ ಮಾಡುತ್ತೆ. ಒಂದು ತುಣುಕು ಎಷ್ಟು ದೊಡ್ಡದು ಅನ್ನೋದೇ ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ ಇರುವಾಗ 256ರ ಬಫರ್ ಅಂದ್ರೆ ಸುಮಾರು 5.3 ಮಿಲಿಸೆಕೆಂಡ್. ಒಳಗೆ ಹೋಗೋಕೆ ಒಂದು ಸಲ, ಹೊರಗೆ ಬರೋಕೆ ಒಂದು ಸಲ, ಹತ್ತಕ್ಕಿಂತ ಸ್ವಲ್ಪ ಹೆಚ್ಚಾಗುತ್ತೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಹೆಚ್ಚುಕಡಿಮೆ 343 ಮೀಟರ್ ಹೋಗುತ್ತಲ್ಲ, ಹತ್ತು ಮಿಲಿಸೆಕೆಂಡಿನಲ್ಲಿ ಮೂರೂವರೆ ಮೀಟರ್. ಹಾಲ್‌ನ ಆ ತುದಿಯಲ್ಲಿ ಆಂಪ್ ಇಟ್ಟು ಈ ತುದಿಯಲ್ಲಿ ಕೂತು ನುಡಿಸಿದ ಹಾಗೆ, ಬೆರಳು ಹೊಂದಿಕೊಳ್ಳುತ್ತೆ. ಬಫರ್ 1024 ಇಟ್ಟರೆ ಆಂಪ್ ಬೀದಿಯಾಚೆಯ ಮನೆಯಲ್ಲಿದ್ದ ಹಾಗೆ, ತಾಳ ತಪ್ಪುತ್ತೆ. 128 ಅಥವಾ 256ರಲ್ಲಿ ಶುರು ಮಾಡಿ. ಚಟಪಟ ಸದ್ದು ಬಂದರೆ ಒಂದು ಮೆಟ್ಟಿಲು ಏರಿಸಿ. ವಿಂಡೋಸಿನಲ್ಲಿ ಇಂಟರ್‌ಫೇಸ್ ಕಂಪನಿಯೇ ಕೊಡೋ ಎಎಸ್‌ಐಒ ಡ್ರೈವರ್ ಹಾಕಿಕೊಂಡರೆ ಅರ್ಧ ತಲೆನೋವು ಅಲ್ಲೇ ಹೋಗುತ್ತೆ.

ಎರಡನೆಯದು ಒಳಬರುವ ಸಿಗ್ನಲ್‌ನ ಮಟ್ಟ. ನಿಮ್ಮ ಕೈಲಾದಷ್ಟು ಜೋರಾಗಿ ಆರೂ ತಂತಿ ಮೀಟಿ. ಆಗಲೂ ಇಂಟರ್‌ಫೇಸಿನ ಕೆಂಪು ದೀಪ ಹತ್ತಬಾರದು. ಅಲ್ಲಿಗೆ ಗೇನ್ ಗುಂಡಿಯನ್ನ ಬಿಟ್ಟುಬಿಡಿ. ಜುಂಯ್ ಅನ್ನೋ ಸದ್ದು ಬರ್ತಾ ಇದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ, ಎಷ್ಟೋ ಸಲ ಕಳ್ಳ ಅಲ್ಲೇ ಸಿಗ್ತಾನೆ.

ಮೂರನೆಯದು ಕ್ಯಾಬ್. ಏರ್‌ಪೋರ್ಟಿಗೆ ಹೋಗೋ ಕ್ಯಾಬ್ ಅಲ್ಲ, ಸ್ಪೀಕರ್ ಇರೋ ಮರದ ಪೆಟ್ಟಿಗೆ, ಕ್ಯಾಬಿನೆಟ್. ಹೊಸಬರು ಆಂಪ್‌ಗಳ ಪಟ್ಟಿಯಲ್ಲೇ ಅಲೆದಾಡ್ತಾರೆ. ಆದರೆ ದನಿಯನ್ನ ದನಿ ಅನ್ನಿಸೋ ಹಾಗೆ ಮಾಡೋದರಲ್ಲಿ ಈ ಪೆಟ್ಟಿಗೆಯ ಪಾಲು ದೊಡ್ಡದು. ಗಿಟಾರ್ ಸ್ಪೀಕರ್ ಮೇಲಿನ ಸ್ಥಾಯಿಯ ಚೂಪು ಸದ್ದುಗಳನ್ನ ಕತ್ತರಿಸಿಬಿಡುತ್ತೆ. ಸಾಫ್ಟ್‌ವೇರಿನಲ್ಲಿ ಕ್ಯಾಬ್ ಆಫ್ ಮಾಡಿ ಡಿಸ್ಟಾರ್ಷನ್ ಹಾಕಿ ನೋಡಿ, ಬಾಟಲಿಯೊಳಗೆ ಸಿಕ್ಕಿಬಿದ್ದ ಜೇನುನೊಣ. ಆನ್ ಮಾಡಿ, ಗಿಟಾರ್. ನಿಜವಾದ ಪೆಟ್ಟಿಗೆಯೊಂದು ಮೈಕಿನ ಮುಂದೆ ಹೇಗೆ ಮಾರ್ದನಿಸಿತು ಅನ್ನೋದನ್ನ ಹಿಡಿದಿಟ್ಟ ಪುಟ್ಟ ಫೈಲ್‌ಗೆ ಇಂಪಲ್ಸ್ ರೆಸ್ಪಾನ್ಸ್ ಅಂತಾರೆ. ಒಂದೇ ಆಂಪ್ ಇಟ್ಟುಕೊಂಡು ಆ ಫೈಲ್ ಬದಲಾಯಿಸಿದರೆ ಗಿಟಾರೇ ಬೇರೆ ಅನ್ನಿಸುತ್ತೆ.

"ನಮ್ಮ ಕಾಲಕ್ಕೆ ಅದು ರಿಜೆಕ್ಟ್ ಮಾಲು"

ಒಂದು ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಾಲ್‌ನಲ್ಲೇ ತೆರೆದಿತ್ತು. ಪರದೆಯ ಮೇಲೆ ಆಂಪ್‌ನ ಚಿತ್ರ, ಒಳಗೆ ಕಿತ್ತಳೆ ಬಣ್ಣದಲ್ಲಿ ಹೊಳೆಯೋ ವಾಲ್ವ್‌ಗಳು. ಮಾವ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಇದೇನಮ್ಮಾ, ಇಸಿಸಿ 83 ಅಂತ ಬರೆದಿದೆ? ಇದು ವಾಲ್ವ್ ಅಲ್ವಾ?"

"ಹೌದು ಮಾವ. ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ದೆ ಏನು? ಒಂದೇ ಗಾಜಿನೊಳಗೆ ಎರಡು ಟ್ರಯೋಡ್."

ಮಾವ ಬಿಇಎಲ್‌ನಿಂದ ರಿಟೈರ್ ಆದವರು ಅಂತ ಗೊತ್ತಿತ್ತು. ಅವರ ಮೊದಲ ವರ್ಷಗಳು ವಾಲ್ವ್ ಪರೀಕ್ಷೆ ಮಾಡೋ ವಿಭಾಗದಲ್ಲಿ ಕಳೆದವು ಅಂತ ಅವತ್ತೇ ಗೊತ್ತಾಗಿದ್ದು. ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ಅರವತ್ತರ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನ ತಯಾರಿಸೋಕೆ ಶುರು ಮಾಡಿತು. ದೇಶದ ಎಷ್ಟೋ ಮನೆಗಳ ರೇಡಿಯೋ ಮಾತಾಡಿದ್ದು ಅಲ್ಲಿಂದ ಹೋದ ಗಾಜಿನ ಬುರುಡೆಗಳಿಂದ. ಫೆಂಡರ್, ಮಾರ್ಷಲ್‌ನಂಥ ಗಿಟಾರ್ ಆಂಪ್‌ಗಳ ಒಳಗಿರೋದೂ ಅದೇ ವಂಶದ ವಾಲ್ವ್‌ಗಳು.

ಮಾವ ಮಗಳ ಬಣ್ಣದ ಪೆನ್ಸಿಲ್ ತಗೊಂಡು ದಿನಪತ್ರಿಕೆಯ ಅಂಚಿನಲ್ಲಿ ಬರೆದು ತೋರಿಸಿದರು. ಒಳಗಿನ ಕ್ಯಾಥೋಡ್ ಕಾದಾಗ ಎಲೆಕ್ಟ್ರಾನ್‌ಗಳು ಹೊರಡ್ತವೆ, ಆಚೆ ಇರೋ ಪ್ಲೇಟ್ ಅವನ್ನ ಎಳೆಯುತ್ತೆ, ನಡುವೆ ಗ್ರಿಡ್ ಅನ್ನೋ ಜಾಲರಿ. "ಈ ಜಾಲರಿ ಅಣೆಕಟ್ಟಿನ ಗೇಟ್ ಇದ್ದ ಹಾಗೆ. ಸಣ್ಣ ಸಿಗ್ನಲ್ ಗೇಟ್ ಆಡಿಸುತ್ತೆ, ದೊಡ್ಡ ಪ್ರವಾಹ ಅದರಂತೆ ಕುಣಿಯುತ್ತೆ." ಅಳತೆ ಮೀರಿ ನೂಕಿದರೆ? ಅಲೆಯ ನೆತ್ತಿ ಮೆಲ್ಲಗೆ ಚಪ್ಪಟೆಯಾಗುತ್ತೆ. ಹಾಗೆ ಚಪ್ಪಟೆಯಾದಾಗ ಮೂಲದಲ್ಲಿ ಇಲ್ಲದ ಹೊಸ ಸ್ವರಾಂಶಗಳು ಸೇರಿಕೊಳ್ತವೆ.

"ಅದೇ ಮಾವ ಡಿಸ್ಟಾರ್ಷನ್! ಜನ ಇದಕ್ಕೇ ದುಡ್ಡು ಕೊಡೋದು" ಅಂದೆ.

ಅವರು ಎದೆ ಹಿಡಿದುಕೊಂಡು ನಕ್ಕರು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು ಆಗಿನ್ನೂ. "ನಮ್ಮ ಕಾಲಕ್ಕೆ ಅದು ರಿಜೆಕ್ಟ್ ಮಾಲು ಕಣಮ್ಮಾ. ಡಿಸ್ಟಾರ್ಷನ್ ಜಾಸ್ತಿ ಇದ್ದರೆ ಪಕ್ಕಕ್ಕೆ ಹಾಕ್ತಿದ್ವಿ."

ನಾನೂ ಕೆಲಸದಲ್ಲಿ ಟೆಸ್ಟರ್. ಹಾಗಾಗಿ ಈಗಿನ ಇನ್ನೊಂದು ವಿಧಾನವನ್ನ ಅವರಿಗೆ ಹೇಳೋದು ಸುಲಭವಾಯ್ತು. ಕೆಲವು ಸಾಫ್ಟ್‌ವೇರ್ ಆಂಪ್‌ನ ಸರ್ಕ್ಯೂಟನ್ನ ಬಿಡಿಬಿಡಿಯಾಗಿ ಲೆಕ್ಕ ಹಾಕ್ತವೆ. ನ್ಯೂರಲ್ ಆಂಪ್ ಮಾಡೆಲರ್ ಥರದವು ಒಳಗೆ ಇಣುಕೋದೇ ಇಲ್ಲ. ನಿಜವಾದ ಆಂಪ್‌ಗೆ ಗೊತ್ತಿರೋ ಒಂದು ಸಿಗ್ನಲ್ ಕೊಟ್ಟು, ಹೊರಬಂದದ್ದನ್ನ ರೆಕಾರ್ಡ್ ಮಾಡಿ, ಎರಡನ್ನೂ ತೋರಿಸಿ ಕಂಪ್ಯೂಟರಿಗೆ ಕಲಿಸ್ತಾರೆ. ಅದು ಉಚಿತ, ಮುಕ್ತ ತಂತ್ರಾಂಶ. ಜನ ತಮ್ಮ ಆಂಪ್‌ಗಳನ್ನ ಹೀಗೆ ಹಿಡಿದಿಟ್ಟು ಹಂಚಿಕೊಳ್ತಾರೆ. "ಇನ್‌ಪುಟ್ ಕೊಟ್ಟು ಔಟ್‌ಪುಟ್ ನೋಡೋದು. ನಮ್ಮ ಬೆಂಚಲ್ಲಿ ಮಾಡ್ತಿದ್ದಿದ್ದೂ ಅದೇ ಅಲ್ವಾ?" ಅಂದರು. ಆಪರೇಷನ್ ಆದಾಗಿನಿಂದ ನಾವು ಅವರನ್ನ ಕೇಳ್ತಿದ್ದಿದ್ದು ಮಾತ್ರೆ ತಗೊಂಡ್ರಾ, ಊಟ ಆಯ್ತಾ, ಇಷ್ಟೇ. ಅವತ್ತು ಅತ್ತೆ ಕಾಫಿ ತಂದಿಟ್ಟು ಎರಡು ಸಲ ಕರೆದರೂ ಅವರಿಗೆ ಕೇಳಿಸಲಿಲ್ಲ.

ಹತ್ತೂವರೆಯ ತನಕ

ಈಗ ರಾತ್ರಿ ನಮ್ಮ ಹಾಲ್‌ನಲ್ಲಿ ಕೇಳೋದು ತಂತಿಯ ಟಿಂಯ್ ಟಿಂಯ್ ಮಾತ್ರ. ನನ್ನ ಕಿವಿಯೊಳಗೆ ಅರಮನೆ ಮೈದಾನ. ಹೆಡ್‌ಫೋನಿನ ಬಗ್ಗೆ ಒಂದು ಎಚ್ಚರಿಕೆ: ವಾರಕ್ಕೆ 40 ಗಂಟೆ 80 ಡೆಸಿಬಲ್, ಅಷ್ಟರೊಳಗಿದ್ದರೆ ಕಿವಿಗೆ ಕ್ಷೇಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅದಕ್ಕಿಂತ ಜೋರಾದರೆ ಸಮಯ ಸರ್ರನೆ ಕಡಿಮೆಯಾಗುತ್ತೆ. ಪಕ್ಕದವರು ಮಾಮೂಲಿ ದನಿಯಲ್ಲಿ ಕರೆದರೆ ಕೇಳಿಸಬೇಕು, ನಾನು ಇಟ್ಟುಕೊಂಡ ಅಳತೆ ಅದು. ಇನ್ನೊಂದು ಮಾತು, ಶುರುವಿನಲ್ಲಿ ಒಂದು ಆಂಪ್, ಒಂದು ಕ್ಯಾಬ್ ಆರಿಸಿಕೊಂಡು ಒಂದು ತಿಂಗಳು ಅದರಲ್ಲೇ ನುಡಿಸಿ. ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ಗುಂಡಿ ತಿರುಗಿಸೋಕೆ ಹೋದರೆ ಬೆರಳಿಗೆ ಉಳಿಯೋದು ಏನು?

ಮಾವನ ನಿದ್ದೆ ಮೊದಲಿಗಿಂತ ಮೇಲು. ಅದು ಮಾತ್ರೆಗಳ, ವಾಕಿಂಗಿನ ಪುಣ್ಯ, ಗಿಟಾರಿಗೂ ಅದಕ್ಕೂ ಸಂಬಂಧ ಇಲ್ಲ. ಕೆಲವು ರಾತ್ರಿ ಆದರೂ ಎಚ್ಚರ ಆಗುತ್ತೆ. ಆಗ ಕತ್ತಲಲ್ಲಿ ಕೂರೋ ಬದಲು ಹಾಲ್‌ಗೆ ಬರ್ತಾರೆ. ಇನ್ನೊಂದು ಹೆಡ್‌ಫೋನ್ ಸಿಕ್ಕಿಸಿ ಕೊಡ್ತೀನಿ. ಗೇನ್ ಪೂರ್ತಿ ಇಳಿಸಬೇಕು, ಅದು ಅವರ ಷರತ್ತು. ರಿಜೆಕ್ಟ್ ಮಾಲು ಅವರಿಗೆ ಈಗಲೂ ಆಗಲ್ಲ. ಹತ್ತು ನಿಮಿಷ ಕೇಳಿ, "ಸಾಕು, ನೀನೂ ಮಲಕ್ಕೋ" ಅಂತ ಎದ್ದು ಹೋಗ್ತಾರೆ.

ಮುಂದಿನ ಭಾನುವಾರ 'ಬಯಾಸ್' ಅಂದ್ರೆ ಏನು ಅಂತ ಪಾಠ ಇದೆ. ನನ್ನ ಸಾಫ್ಟ್‌ವೇರಿನಲ್ಲಿ ಆ ಹೆಸರಿನ ಒಂದು ಗುಂಡಿ ಇದೆ. ಪಾಠ ಮುಗಿಯೋ ತನಕ ಅದನ್ನ ಮುಟ್ಟಬಾರದು ಅಂತ ಮಾವನ ಆರ್ಡರ್ ಆಗಿದೆ.