ಮಗ್ಗದ ಮನೆಯ ಇಂಗ್ಲಿಷು

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿರುವ ದೊಡ್ಡಬಳ್ಳಾಪುರವು ನೇಕಾರರ ಊರು. ಅಲ್ಲಿನ ಕೆಲವು ಬೀದಿಗಳಲ್ಲಿ ಮನೆಗಳು ಕಣ್ಣಿಗೆ ಬೀಳುವುದಕ್ಕೆ ಮೊದಲೇ ಮಗ್ಗಗಳ ಸದ್ದು ಕಿವಿಗೆ ಬೀಳುತ್ತದೆ. ವಿದ್ಯುತ್ ಮಗ್ಗವೆಂದರೆ ಪಿಸುಮಾತಿನ ಯಂತ್ರವಲ್ಲ. ಅದರ ಪಕ್ಕದಲ್ಲಿ ನಿಂತು ಮಾತನಾಡಬೇಕಾದವರು ಕೂಗಿಯೇ ಮಾತನಾಡಬೇಕು. ಇಂಥ ಮನೆಯೊಂದರ ನಡುಕೋಣೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಾನೆ. ಅವನ ತುಟಿಗಳು ಅಲುಗಾಡುವುದು ಮಾತ್ರ ಕಾಣುತ್ತದೆ.

ಅವನ ಅವಸರಕ್ಕೆ ಕಾರಣವಿಲ್ಲದಿಲ್ಲ. ಎದುರುಮನೆಯ ಅಣ್ಣನೊಬ್ಬ ಹತ್ತನೆಯ ತರಗತಿಯಲ್ಲಿ ಬೀದಿಗೇ ಮೊದಲಿಗನೆನ್ನಿಸಿಕೊಂಡು, ವಿಜ್ಞಾನ ಓದಲೆಂದು ಕಾಲೇಜಿಗೆ ಸೇರಿದ್ದ. ಅಲ್ಲಿ ಪಾಠವೆಲ್ಲವೂ ಇಂಗ್ಲಿಷಿನಲ್ಲಿ. ಶಾಲೆಯಲ್ಲಿ 'ವೇಗೋತ್ಕರ್ಷ'ವನ್ನು ಚೆನ್ನಾಗಿ ಬಲ್ಲವನಾಗಿದ್ದ ಆ ಅಣ್ಣನಿಗೆ 'ಆಕ್ಸಲರೇಷನ್' ಎಂಬುದು ಅದರದೇ ಇನ್ನೊಂದು ಹೆಸರೆಂದು ತಿಳಿಯುವಷ್ಟರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತಿತ್ತು. ಪ್ರಶ್ನೆ ಕೇಳೋಣವೆಂದರೆ ಕೇಳುವುದಕ್ಕೂ ಇಂಗ್ಲಿಷ್ ಬೇಕು. ಮೂರು ತಿಂಗಳು ಕಳೆಯುವುದರೊಳಗೆ ಅವನು ಕಾಲೇಜು ಬಿಟ್ಟು ಮಗ್ಗದ ಮುಂದೆ ನಿಂತಿದ್ದ. ನೇಯ್ಗೆ ಹೀನವಾದ ಕೆಲಸವೇನಲ್ಲ. ಆದರೆ ತಾನೇ ಆರಿಸಿಕೊಂಡು ಮಗ್ಗಕ್ಕೆ ಬರುವುದು ಬೇರೆ, ಮಾತು ತಿಳಿಯದೆ ಹಿಂದಿರುಗಿ ಬರುವುದು ಬೇರೆ.

ಆದುದರಿಂದ ಹುಡುಗ ಸಂತೆಯ ದಿನ ಒಂದು ಹಳೆಯ ನಿಘಂಟನ್ನು ಕೊಂಡುತಂದು, ದಿನಕ್ಕೆ ಹತ್ತು ಪದಗಳಂತೆ 'ಎ' ಅಕ್ಷರದಿಂದ ಆರಂಭಿಸಿದ್ದ. ಅಬೇಸ್, ಅಬೇಟ್, ಅಬ್ಡಿಕೇಟ್, ಅಬ್‌ಹಾರ್ ಎಂದು ಸೈನಿಕರ ಸಾಲಿನಂತೆ ಪದಗಳು ಬಂದು ನಿಂತವು. ಹನ್ನೊಂದನೆಯ ದಿನ ಹಿಂತಿರುಗಿ ನೋಡಿದರೆ ಮೊದಲ ದಿನದ ಹತ್ತರಲ್ಲಿ ಎಂಟು ಪರಾರಿಯಾಗಿದ್ದವು. ಉಳಿದವುಗಳೂ ತೊಂದರೆ ಕೊಡದೆ ಇರಲಿಲ್ಲ. ಮನೆಯ ಹಸು ಸತ್ತ ದಿನ ಅವನು ಬರೆದ ರಜೆಯ ಅರ್ಜಿಯಲ್ಲಿ, ಎಲ್ಲಿಯೋ ಕಲಿತ 'ಡಿಮೈಸ್' ಎಂಬ ಪದವನ್ನು ಬಳಸಿ, ಹಸುವಿನ 'ಸ್ಯಾಡ್ ಡಿಮೈಸ್' ಎಂದು ನಿವೇದಿಸಿಕೊಂಡಿದ್ದ. ನಿಘಂಟಿನಲ್ಲಿ ಆ ಪದದ ಮುಂದೆ 'ಮರಣ' ಎಂದೇ ಇತ್ತು. ಆದರೆ ಅದು ಗಣ್ಯರ ಸಾವಿಗೆ ಮೀಸಲಾದ ಗಂಭೀರವಾದ ಮಾತು. ಕನ್ನಡದಲ್ಲಿ ಹಸು 'ದೈವಾಧೀನವಾಯಿತು' ಎಂದು ಬರೆದಂತಾಯಿತು! ಹಸುವನ್ನು ಕಳೆದುಕೊಂಡವರ ದುಃಖ ನಿಜವಾದದ್ದೇ. ಆದರೂ ಉಪಾಧ್ಯಾಯರು ನಗುವನ್ನು ತಡೆದುಕೊಳ್ಳಲಾರದೆ ಹೋದರು.

ಇದು ನಿಘಂಟಿನ ತಪ್ಪಲ್ಲ. ವಿಲಿಯಂ ರೀವ್ ಎಂಬ ಪಾದ್ರಿಯ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಅಚ್ಚಾದಂದಿನಿಂದ, ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಹೊರತಂದ ದೊಡ್ಡ ನಿಘಂಟಿನವರೆಗೆ, ಅನೇಕ ವಿದ್ವಾಂಸರು ಎರಡು ಭಾಷೆಗಳ ನಡುವೆ ಸೇತುವೆ ಕಟ್ಟಲು ಆಯುಷ್ಯವನ್ನು ಸವೆಸಿದ್ದಾರೆ. ನಿಘಂಟು ಪದದ ಅರ್ಥವನ್ನು ಹೇಳಬಲ್ಲದು; ಆ ಪದ ಯಾರ ಮನೆಗೆ ಹೋಗುತ್ತದೆ, ಯಾರೊಡನೆ ಕೂಡುತ್ತದೆ ಎಂಬುದನ್ನೆಲ್ಲ ಅದೊಂದೇ ಹೇಳಲಾರದು.

ದಾರಿ ತೆರೆದದ್ದು ಒಂದು ಮಧ್ಯಾಹ್ನ. ವಿದ್ಯುತ್ತು ನಿಂತು ಊರಿನ ಮಗ್ಗಗಳೆಲ್ಲ ಒಮ್ಮೆಗೇ ಮೌನವಾದಾಗ, ತರಗತಿಯ ಮಕ್ಕಳು "ಕರೆಂಟು ಹೋಯಿತು" ಎಂದರು. ಉಪಾಧ್ಯಾಯರು ಆ ಪದವನ್ನೇ ಹಿಡಿದುಕೊಂಡರು. ನಮ್ಮವರ ಬಾಯಲ್ಲಿ ಕರೆಂಟು ಎಂದರೆ ವಿದ್ಯುತ್ತು ಮಾತ್ರ. ಇಂಗ್ಲಿಷಿನಲ್ಲಾದರೋ ನದಿಯ ಹರಿವೂ 'ಕರೆಂಟ್', ಈಗ ನಡೆಯುತ್ತಿರುವುದೂ 'ಕರೆಂಟ್'. ಏಕೆಂದರೆ ಅದರ ಮೂಲ ಲ್ಯಾಟಿನ್ನಿನ 'ಕುರ್ರೆರೆ', ಎಂದರೆ ಓಡು. ಕೈಯಿಂದ ಕೈಗೆ ಓಡುವ ಹಣ 'ಕರೆನ್ಸಿ'. ಮತ್ತೆ ಮತ್ತೆ ಓಡಿ ಬರುವುದು 'ರಿಕರ್'. ಊರಿನಿಂದ ಹೊರಗೆ ಓಡುವುದು 'ಎಕ್ಸ್‌ಕರ್ಷನ್'. ಸುದ್ದಿ ಹೊತ್ತು ಓಡುವವನು 'ಕೊರಿಯರ್'. ಗಣಕಯಂತ್ರದ ತೆರೆಯ ಮೇಲೆ ಓಡಾಡುವ ಗುರುತು 'ಕರ್ಸರ್'. ಮಕ್ಕಳು ವರ್ಷವೆಲ್ಲ ಓದುವ ಪಠ್ಯಕ್ರಮವಾದ 'ಕರಿಕ್ಯುಲಮ್' ಕೂಡ ಮೂಲದಲ್ಲಿ ಓಟವೇ. ಪರೀಕ್ಷೆಯ ಮುನ್ನಾದಿನ ಅದರ ಅರ್ಥ ಯಾರಿಗೂ ವಿವರಿಸಬೇಕಾಗಿಲ್ಲ!

ಹತ್ತು ದಿನ ಉರುಹೊಡೆದರೂ ನಿಲ್ಲದಿದ್ದ ಪದಗಳು ಒಂದು ಗಳಿಗೆಯಲ್ಲಿ ಹುಡುಗನ ಮನಸ್ಸಿನಲ್ಲಿ ಸಾಲಾಗಿ ಕುಳಿತವು. ಒಂಟಿ ಎಳೆ ಗಾಳಿಗೆ ಹಾರಿಹೋಗುತ್ತದೆ. ಇತರ ಎಳೆಗಳೊಡನೆ ಹೆಣೆದುಕೊಂಡದ್ದು ಬಟ್ಟೆಯಾಗುತ್ತದೆ. ನೇಕಾರರ ಮಕ್ಕಳಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಅಂದು ಸಂಜೆ ಮನೆಗೆ ಬಂದ ಹುಡುಗ ಮಗ್ಗವನ್ನು ಹೊಸ ಕಣ್ಣಿನಿಂದ ನೋಡಿದ. ಓದು ಬಾರದ ಅಜ್ಜನೂ ದಿನಕ್ಕೆ ಹತ್ತು ಸಲ ಆಡುವ 'ವಾರ್ಪು' ಇಂಗ್ಲಿಷ್ ಪದವೇ. ಅದು ನಮ್ಮ 'ಹಾಸು'; ಅಡ್ಡಲಾಗಿ ಸೇರುವ ನೂಲು 'ಹೊಕ್ಕು'. ಯಾವುದಾದರೂ ವಿಷಯ ಬಾಳಿನಲ್ಲಿ ಹಾಸುಹೊಕ್ಕಾಗಿದೆ ಎನ್ನುವಾಗ ಕನ್ನಡಿಗರೆಲ್ಲರೂ ನೇಕಾರರ ಮಾತನ್ನೇ ಆಡುತ್ತಿರುತ್ತಾರೆ. ಹೊಕ್ಕಿನ ನೂಲನ್ನು ಒಯ್ಯುವ ಲಾಳಿಗೆ ಇಂಗ್ಲಿಷಿನಲ್ಲಿ 'ಶಟಲ್' ಎಂದು ಹೆಸರು; ಅದರ ಹಳೆಯ ರೂಪಕ್ಕೆ ಬಾಣ, ಭರ್ಜಿ ಎಂಬ ಅರ್ಥವಿತ್ತು. ಹೋಗಿ ಬರುವ ರೈಲಿಗೂ, ಬ್ಯಾಡ್‌ಮಿಂಟನ್ನಿನ ಗರಿಚೆಂಡಿಗೂ ಅದೇ ಹೆಸರಾಯಿತು. 1981ರಿಂದ 2011ರವರೆಗೆ ಆಕಾಶಕ್ಕೆ ಹಾರಿ ಹಿಂದಿರುಗುತ್ತಿದ್ದ ಅಮೆರಿಕದ ನೌಕೆಯನ್ನೂ 'ಸ್ಪೇಸ್ ಶಟಲ್' ಎಂದೇ ಕರೆದರು. ಅಜ್ಜನ ಕೈಯ ಲಾಳಿ ಅಷ್ಟು ದೂರ ಹೋಗಿತ್ತು.

ಇನ್ನೂ ದೊಡ್ಡ ಬೆರಗು ಕಾದಿತ್ತು. 'ಟೆಕ್ಸ್ಟ್' ಎಂಬ ಪದ ಲ್ಯಾಟಿನ್ನಿನ 'ಟೆಕ್ಸೆರೆ'ಯಿಂದ, ಎಂದರೆ ನೇಯುವುದರಿಂದ ಬಂದದ್ದು. ಪುಸ್ತಕದ ಪಾಠವೂ 'ಟೆಕ್ಸ್ಟ್', ಅಂಗಡಿಯ ಬಟ್ಟೆ 'ಟೆಕ್ಸ್‌ಟೈಲ್'. ಎರಡೂ ಒಂದೇ ಮಗ್ಗದವು. ಕೂಡಿಸಿ ನೇಯ್ದದ್ದು 'ಕಾಂಟೆಕ್ಸ್ಟ್', ಎಂದರೆ ಸಂದರ್ಭ. ನಿಜವನ್ನು ಮರೆಮಾಡಲು ಮುಂದೆ ನೇಯ್ದು ತೂಗುಹಾಕಿದ ಪರದೆಯೇ 'ಪ್ರಿಟೆಕ್ಸ್ಟ್', ಎಂದರೆ ನೆಪ. ಜೀವಶಾಸ್ತ್ರದ ಅಂಗಾಂಶವಾದ 'ಟಿಶ್ಯೂ' ಸಹ ನೇಯ್ದ ಬಟ್ಟೆಯೇ. ಸಂಸ್ಕೃತದವರೂ ಹಿಂದೆ ಬೀಳಲಿಲ್ಲ: 'ಸೂತ್ರ' ಎಂದರೆ ನೂಲು, 'ತಂತ್ರ' ಎಂದರೆ ಮಗ್ಗ, 'ಗ್ರಂಥ' ಎಂದರೆ ಗಂಟುಹಾಕಿ ಕಟ್ಟಿದ್ದು.

ಇದೇ ಮಗ್ಗದ ಮೇಲ್ಭಾಗದಲ್ಲಿ ಸೀರೆಯ ಅಂಚಿಗೆ ಹೂಬಳ್ಳಿ ಮೂಡಿಸುವ 'ಜಕಾರ್ಡ್' ಕುಳಿತಿರುತ್ತದೆ. ಅದು ವಸ್ತುವಿನ ಹೆಸರಲ್ಲ, ಮನುಷ್ಯನದು. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮೇರಿ ಜಕಾರ್ಡ್ 1804ರ ಸುಮಾರಿಗೆ, ರಂಧ್ರ ಕೊರೆದ ರಟ್ಟಿನ ಪಟ್ಟಿಗಳಿಂದ ಎಳೆಗಳನ್ನು ಆಳುವ ಈ ಯಂತ್ರವನ್ನು ರೂಪಿಸಿದ. ಅದರ ಪಟ್ಟಿಗಳೇ ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನ ಗಣಕಯಂತ್ರದ ಕಲ್ಪನೆಗೆ ಸ್ಫೂರ್ತಿಯಾದವು.

ಪದಗಳ ವ್ಯಾಪಾರ ಒಂದೇ ದಿಕ್ಕಿನದೂ ಅಲ್ಲ. ಕೋಳಿಕ್ಕೋಡಿನ ಹೆಸರಿನಿಂದ 'ಕ್ಯಾಲಿಕೊ' ಬಟ್ಟೆಯೂ, ಮಲಯಾಳದ ಕಯರಿನಿಂದ 'ಕಾಯರ್' ನಾರೂ ಇಂಗ್ಲಿಷಿಗೆ ಹೋದವು. ಸಾಲ ಕೊಟ್ಟವನು ಸಾಲ ಪಡೆಯಲು ನಾಚಬೇಕಾಗಿಲ್ಲ.

ಆದರೆ ಬೇರನ್ನು ಹುಡುಕುವವನಿಗೆ ಎಚ್ಚರವೂ ಬೇಕು. ಒಣದ್ರಾಕ್ಷಿಗೆ ಇಂಗ್ಲಿಷಿನಲ್ಲಿ 'ಕರಂಟ್' ಎಂಬ ಹೆಸರುಂಟು. ಅದೂ ಓಡುತ್ತದೆಂದು ಹುಡುಗ ಉತ್ಸಾಹದಿಂದ ಬರೆದುಕೊಂಡ. ಅದು ಗ್ರೀಸ್ ದೇಶದ ಕಾರಿಂಥ್ ನಗರದಿಂದ ಬಂದ ಹೆಸರು. ನೂಲುವವಳೆಂಬ ಅರ್ಥದ 'ಸ್ಪಿನ್‌ಸ್ಟರ್' ಕ್ರಮೇಣ ಮದುವೆಯಾಗದೆ ಉಳಿದ ಹೆಂಗಸೆಂದಾಗಿ, ಈಗ ಕಿವಿಗೆ ಕಹಿಯಾದ ಮಾತಾಗಿದೆ. ದಾರ ನೂಲುವ ಯಾರನ್ನಾದರೂ ಹಾಗೆ ಕರೆದರೆ ಬೈಗುಳ ಖಂಡಿತ. ಬೇರು ಗಿಡವನ್ನು ನೆನಪಿನಲ್ಲಿಡಲು ನೆರವಾಗುತ್ತದೆ. ಹಣ್ಣಿನ ರುಚಿ ತಿಳಿಯಬೇಕಾದರೆ ಒಳ್ಳೆಯ ಪುಸ್ತಕಗಳಲ್ಲಿ, ವಾಕ್ಯದ ನಡುವೆ, ಪದವನ್ನು ಮತ್ತೆ ಮತ್ತೆ ಕಾಣಬೇಕು.

ಹಾಗೆ ಓದಿ ಬೆಳೆದವರು ಈ ಊರಿನಲ್ಲಿಯೇ ಇದ್ದರು. ವಿಮರ್ಶಕರಾದ ಡಿ. ಆರ್. ನಾಗರಾಜ್ ಅವರು 1954ರಲ್ಲಿ ದೊಡ್ಡಬಳ್ಳಾಪುರದ ನೇಕಾರ ಕುಟುಂಬವೊಂದರಲ್ಲಿ ಜನಿಸಿದರು. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಅವರು ಬೋಧಿಸಿದ್ದು ಕನ್ನಡವನ್ನು. ಬೇಂದ್ರೆಯವರ ಕಾವ್ಯವನ್ನೂ ಅಲ್ಲಮನ ವಚನಗಳನ್ನೂ ಕುರಿತು ಬರೆದದ್ದು ಕನ್ನಡದಲ್ಲಿ. ದಲಿತ ಚಳವಳಿಯನ್ನು ಕುರಿತ 'ದಿ ಫ್ಲೇಮಿಂಗ್ ಫೀಟ್' ಎಂಬ ಅವರ ಇಂಗ್ಲಿಷ್ ಕೃತಿ 1993ರಲ್ಲಿ ಪ್ರಕಟವಾಯಿತು. ಮುಂದೆ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯವೂ ಅವರನ್ನು ಪಾಠ ಹೇಳಲು ಬರಮಾಡಿಕೊಂಡಿತು. 1998ರಲ್ಲಿ, ಇನ್ನೂ 44ರ ಪ್ರಾಯದಲ್ಲಿಯೇ, ಅವರು ತೀರಿಕೊಂಡರು. 'ಸಾಹಿತ್ಯ ಕಥನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಅನಂತರ. ಅವರ ಇಂಗ್ಲಿಷು ಕನ್ನಡವನ್ನು ಬಿಟ್ಟುಕೊಟ್ಟು ಪಡೆದದ್ದಾಗಿರಲಿಲ್ಲ.

ಹುಡುಗ ಈಗ ಬೇರೊಂದು ಪುಸ್ತಕ ಇಟ್ಟಿದ್ದಾನೆ. ಪುಟಕ್ಕೆ ಒಂದೇ ಮೂಲ. ಅದರ ಸುತ್ತ ಅದರ ಮನೆತನ. ಪ್ರತಿಯೊಂದು ಪದಕ್ಕೂ ತಾನು ಓದಿದ ಒಂದು ವಾಕ್ಯ, ತಾನೇ ಕಟ್ಟಿದ ಇನ್ನೊಂದು. ವಾರಕ್ಕೆ ಎರಡು ಪುಟ ತುಂಬಿದರೆ ಹೆಚ್ಚು. ರಾತ್ರಿ ಮಗ್ಗ ನಿಲ್ಲಿಸಿ ಬರುವ ಎದುರುಮನೆಯ ಅಣ್ಣ ಒಮ್ಮೊಮ್ಮೆ ಅವನ ಪಕ್ಕದಲ್ಲಿ ಕುಳಿತು ಆ ಪುಟಗಳನ್ನು ತಿರುವಿಹಾಕುತ್ತಾನೆ. ಮೊನ್ನೆ ಅವನು 'ಆಕ್ಸಲರೇಷನ್' ಎಂಬುದರ ಮೂಲವೇನೆಂದು ಕೇಳಿದ. ಇಬ್ಬರೂ ನಿಘಂಟನ್ನು ತೆರೆದು ನೋಡಿದರು: 'ಸೆಲೆರ್', ಎಂದರೆ ವೇಗವುಳ್ಳದ್ದು. ಅದನ್ನು ಅಣ್ಣನೇ ತನ್ನ ಕೈಯಾರೆ ಹೊಸ ಪುಟದಲ್ಲಿ ಬರೆದ.